ಇನ್ನೂರ ಹನ್ನೆರಡು ಬೈಟು

ಕಾಮಿಮಾಯೆಜು ನಿಲ್ದಾಣದ ಮೆಟ್ಟಿಲು ಹತ್ತುವಾಗ ಇನುಯಿ ಕಾನಾಮೆಗೆ ಮೂರನೆಯ ಸಲ ನಗು ಬಂತು. ತಡೆಯಲು ಕೆಮ್ಮಿದ. ಕೆಮ್ಮಿನ ಜೊತೆಗೆ ನಗುವೂ ಹೊರಬಿದ್ದು, ಮುಂದೆ ಹತ್ತುತ್ತಿದ್ದ ಹೆಂಗಸು ತಿರುಗಿ ನೋಡಿ ಎರಡು ಮೆಟ್ಟಿಲು ಬೇಗ ಹತ್ತಿದಳು. ನಲವತ್ತನಾಲ್ಕು ವರ್ಷದ ಗಂಡಸು ಭಾನುವಾರ ಬೆಳಿಗ್ಗೆ ಅಂಗಿಯ ಜೇಬನ್ನು ಅಂಗೈಯಲ್ಲಿ ಒತ್ತಿ ಹಿಡಿದು ಒಬ್ಬನೇ ನಗುತ್ತಿದ್ದರೆ ಯಾರಾದರೂ ಬೇಗ ಹತ್ತುತ್ತಾರೆ. ಹತ್ತಲಿ. ಜೇಬಿನಲ್ಲಿ ಮೆಜಿರೊ ಇತ್ತು, ಮೆಜಿರೊದೊಳಗೆ ಮೀನಿತ್ತು. ಸ್ಥಾನ ತಪ್ಪದೆ ಇದೆಯೇ ಎಂದು ನೋಡಲು ರೈಲಿನಲ್ಲಿ ನಾಲ್ಕು ಸಲ ಮುಚ್ಚಳ ತೆರೆದಿದ್ದ. ನಾಲ್ಕು ಸಲವೂ ಮೀನು ಎಡದಿಂದ ಬಂದು, ಅವನು ಬರೆದಿಟ್ಟಿದ್ದ ಸೋಮವಾರದ ಕೆಲಸಗಳ ಪಟ್ಟಿಯ ಹಿಂದಿನಿಂದ, ಅಕ್ಷರಗಳಿಗೆ ಒಂದಿಷ್ಟೂ ತೊಂದರೆ ಕೊಡದೆ, ಬಾಲ ಆಡಿಸುತ್ತ ಬಲಕ್ಕೆ ಹೋಗಿತ್ತು. ಆ ಬಾಲ! ಬಾಲವನ್ನು ಅವನು ಬರೆದೇ ಇರಲಿಲ್ಲ. ಅದನ್ನು ನೆನೆದಾಗಲೆಲ್ಲ ಹೊಟ್ಟೆಯೊಳಗೆ ಯಾರೋ ಬೆರಳಾಡಿಸಿದಂತಾಗುತ್ತಿತ್ತು.

ಮೆಜಿರೊ ಅಂಗೈಯಷ್ಟಗಲದ ಕಂಪ್ಯೂಟರು. ಎರಡು ಸಣ್ಣ ಬ್ಯಾಟರಿ ಹಾಕಿದರೆ ತಿಂಗಳುಗಟ್ಟಲೆ ನಡೆಯುತ್ತದೆ. ಅದನ್ನು ಮಾಡುವುದನ್ನು ಕಂಪನಿ ನಿಲ್ಲಿಸಿ ಇಪ್ಪತ್ತಮೂರು ವರ್ಷವಾಗಿತ್ತು. ಅದರ ಬೂದು ಪರದೆ ಮಂದಬುದ್ಧಿಯದು: ಒಂದು ಚುಕ್ಕೆಯನ್ನು ಅಳಿಸಿದರೂ ಅರ್ಧ ಸೆಕೆಂಡು ಅದರ ನೆರಳನ್ನು ಹಿಡಿದುಕೊಂಡೇ ಇರುತ್ತದೆ, ಬಿಡಲು ಮನಸ್ಸಿಲ್ಲದವರ ಹಾಗೆ. ಅದು ಬಂದಾಗಿನಿಂದ ಜನ ಈ ನೆರಳನ್ನು ಬೈಯುತ್ತಲೇ ಬಂದಿದ್ದರು. ಇನುಯಿಯೂ ಬೈದಿದ್ದ. ಜೂನ್ ತಿಂಗಳ ಒಂದು ಮಧ್ಯಾಹ್ನ, ಬೀನ್ಸ್ ಸಿಹಿಯ ಡಬ್ಬಿಗೆ ಮಾದರಿ ಕತ್ತರಿಸುತ್ತ—ಅವನ ಕಾರ್ಖಾನೆಯಲ್ಲಿ ಮಾಡುವುದೇ ಸಿಹಿಯಂಗಡಿಗಳ ರಟ್ಟಿನ ಡಬ್ಬಿ, ಅವನ ಕೆಲಸವೇ ಡಬ್ಬಿಯನ್ನು ಎರಡು ಮಿಲಿಮೀಟರ್ ಚಿಕ್ಕದು ಮಾಡುವುದು—ಕತ್ತರಿ ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟಿದ್ದ. ಮೈ ಮಾತ್ರ ಬರೆದು ಮುಂದೆ ಸರಿಸಿದರೆ ಹಿಂದೆ ಉಳಿಯುವ ನೆರಳೇ ಬಾಲ. ಸ್ವಲ್ಪ ಓಲಾಡಿಸಿದರೆ ನೆರಳೂ ಓಲಾಡುತ್ತದೆ. ಬೇರೆ ಯಾವ ಪರದೆಯಲ್ಲೂ, ಎಷ್ಟು ದುಬಾರಿಯದಾದರೂ, ಈ ಮೀನಿಗೆ ಬಾಲ ಬರುವುದಿಲ್ಲ. ಮೇಲ್ವಿಚಾರಕ ಬಂದು "ಏನ್ರೀ ಇನುಯಿ, ಹಲ್ಲುನೋವಾ?" ಎಂದು ಕೇಳಿದ್ದ. ಅಷ್ಟು ಬಿಗಿಯಾಗಿ ಬಾಯಿ ಮುಚ್ಚಿಕೊಂಡಿದ್ದನಂತೆ.

ಓಸುವಿನ ಅಂಗಡಿಸಾಲು ಇನ್ನೂ ಅರ್ಧ ಮುಚ್ಚಿತ್ತು. ಹಳೆಯ ಕಿಮೊನೊ ಮಾರುವವಳು ಕಬ್ಬಿಣದ ಕಂಬಿಗೆ ಬಟ್ಟೆ ತೂಗುಹಾಕುತ್ತಿದ್ದಳು. ಕಳೆದ ವರ್ಷವೂ ಮೆಜಿರೊ ಗುಂಪಿನ ಕೂಟಕ್ಕೆ ಇದೇ ದಾರಿಯಲ್ಲಿ ಬಂದಿದ್ದ, ಇದೇ ಅಂಗಿಯಲ್ಲಿ. ಅಲ್ಲ, ಇದು ಬೇರೆ ಅಂಗಿ, ಬಣ್ಣ ಮಾತ್ರ ಅದೇ. ಕಳೆದ ವರ್ಷ ತಂದದ್ದು ರೈಲುಗಳ ವೇಳಾಪಟ್ಟಿಯ ಪ್ರೋಗ್ರಾಂ. ಮೇಜಿನ ಸುತ್ತ ಒಬ್ಬರಿಂದೊಬ್ಬರಿಗೆ ದಾಟಿಸುವಾಗ ನಾಲ್ಕನೆಯವರ ಯಂತ್ರದಲ್ಲಿ ಅದು ಹೆಪ್ಪುಗಟ್ಟಿದಂತೆ ನಿಂತುಬಿಟ್ಟಿತ್ತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಗುಂಪಿನ ಯಜಮಾನಿ "ಪರವಾಗಿಲ್ಲ, ಟೋಸ್ಟ್ ಆರ್‍ತಾ ಇದೆ, ತಿನ್ನಿ" ಎಂದಳು. ಹನ್ನೊಂದು ಜನ ತಲೆ ತಗ್ಗಿಸಿ ತಿಂದರು. ಅವರು ಅಗಿಯುವ ಸದ್ದು ಅವನಿಗೆ ಕೇಳಿಸುತ್ತಿತ್ತು. ಆ ಸದ್ದು ವರ್ಷವಿಡೀ ಕೇಳಿಸಿತ್ತು: ಬಚ್ಚಲಲ್ಲಿ, ಕಾರ್ಖಾನೆಯ ಕತ್ತರಿಸುವ ಯಂತ್ರದ ಗದ್ದಲದ ಅಡಿಯಲ್ಲಿ, ಅಂಗಡಿಯಲ್ಲಿ ಚಿಲ್ಲರೆಗೆ ಕೈ ಚಾಚಿದಾಗ. ಟೋಸ್ಟ್ ತಿನ್ನಿ. ಈ ವರ್ಷ ನೋಡೋಣ ಯಾರ ಟೋಸ್ಟ್ ಆರುತ್ತದೆ ಎಂದುಕೊಂಡ. ನಾಲ್ಕನೆಯ ಸಲ ನಗು ಬಂತು.

ಬೊತಾನ್ ಎಂಬ ಕಾಫಿ ಅಂಗಡಿಯ ಮಹಡಿಯನ್ನು ಪ್ರತಿ ಅಕ್ಟೋಬರಿನ ಮೊದಲ ಭಾನುವಾರ ಈ ಹನ್ನೆರಡು ಜನರಿಗೆಂದು ಬಿಟ್ಟುಕೊಡುತ್ತಿದ್ದರು. ಅಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ಯಜಮಾನಿ ಅಕಾಮಿಸೊ, ದೊಡ್ಡ ಮೈಯ, ದೊಡ್ಡ ದನಿಯ, ಕೂದಲು ಕತ್ತರಿಸುವ ಅಂಗಡಿ ನಡೆಸುವ ಹೆಂಗಸು. ಇನುಯಿಯನ್ನು ಅವರು ಹಾಕೊ, ಎಂದರೆ ಡಬ್ಬಿ, ಎಂದು ಕರೆಯುತ್ತಿದ್ದರು. ಆ ಹೆಸರನ್ನು ಅವನೇ ಆರಿಸಿಕೊಂಡಿದ್ದ. ಆದರೂ ಬೇರೆಯವರ ಬಾಯಲ್ಲಿ ಅದು ಯಾವಾಗಲೂ ಖಾಲಿ ಡಬ್ಬಿಯ ಹಾಗೆ ಕೇಳಿಸುತ್ತಿತ್ತು.

"ಓಹೋ, ಹಾಕೊ-ಸಾನ್ ಬಂದ್ರು! ಏನ್ರೀ ಮುಖ, ಲಾಟರಿ ಹೊಡೀತಾ?" ಎಂದಳು ಅಕಾಮಿಸೊ.

"ಇಲ್ಲ, ಇಲ್ಲ. ಹಾಗೇ."

"ಮದುವೆ ಗೊತ್ತಾಯ್ತಾ?"

"ಅದೂ ಇಲ್ಲ."

"ಹಾಗಾದ್ರೆ ಪ್ರೋಗ್ರಾಂ ಬರ್‍ದಿದಾರೆ," ಎಂದ ಕಾನಿ, ಮೊಟ್ಟೆಯ ಸಿಪ್ಪೆ ಸುಲಿಯುತ್ತ. "ಈ ಸಲ ನಾಲ್ಕನೇ ಜಾಗದಲ್ಲಿ ನಾನು ಕೂರಲ್ಲಪ್ಪ."

ಕಾನಿ ಔಷಧದಂಗಡಿಯವನು. ತೆಳ್ಳನೆಯ ಬೆರಳು, ತೆಳ್ಳನೆಯ ಕನ್ನಡಕ. ಅವನು ಬರೆದ ಪ್ರೋಗ್ರಾಮುಗಳಲ್ಲಿ ಒಂದು ಅಕ್ಷರವೂ ವ್ಯರ್ಥವಿರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಕಳೆದ ವರ್ಷ ನಾಲ್ಕನೆಯ ಜಾಗದಲ್ಲಿ ಕೂತಿದ್ದವನು ಅವನೇ. ಮೊಟ್ಟೆ ಅವನ ಕೈಯಲ್ಲಿ ಒಂದು ಗೀರೂ ಇಲ್ಲದೆ ಬೆಳ್ಳಗೆ ಹೊರಬಂತು. ಇನುಯಿಗೆ ಮಾಮೂಲಿನಂತೆ ಮುಖ ಬಿಸಿಯಾಗಬೇಕಿತ್ತು. ಆಗಲಿಲ್ಲ. ಕಾನಿಯ ಮೊಟ್ಟೆಯ ಮೇಲೂ ಅವನಿಗೆ ಪ್ರೀತಿ ಬಂತು. ಕಿಟಕಿಯ ಬಳಿ ಕೂತಿದ್ದ ತಾನಿಶಿ ಅಜ್ಜನ ಪಕ್ಕದ ಕುರ್ಚಿ ಎಳೆದುಕೊಂಡ.

ತಾನಿಶಿ ಎಂದರೆ ಗದ್ದೆಯ ಬಸವನಹುಳು. ಎಪ್ಪತ್ತೆಂಟು ವರ್ಷ, ಊರಿನ ಬಸ್ ಓಡಿಸಿ ನಿವೃತ್ತನಾದವನು. ಅವನ ಮೆಜಿರೊದಲ್ಲಿ ಇಪ್ಪತ್ತಾರು ವರ್ಷದ ಮಧ್ಯಾಹ್ನದ ಊಟವಿತ್ತು. ಒಂದು ದಿನವೂ ಬಿಡದೆ, ಏನು ತಿಂದೆ, ಎಲ್ಲಿ ತಿಂದೆ, ಹೇಗಿತ್ತು ಎಂದು ಒಂದೊಂದು ಸಾಲು. ಯಾಕೆ ಬರೆಯುತ್ತಾನೆ ಎಂದು ಕೇಳಿದರೆ "ಮೊದಲನೇ ದಿನ ಬರ್‍ದೆ. ಎರಡನೇ ದಿನ ಬಿಡಕ್ಕೆ ಕಾರಣ ಸಿಗಲಿಲ್ಲ" ಎನ್ನುತ್ತಿದ್ದ. ಬೇರೆ ಕಡೆ ನಕಲು ಇರಲಿಲ್ಲ. ಕಂಪ್ಯೂಟರಿಗೆ ಜೋಡಿಸುವ ತಂತಿ ಎಂದೋ ಕಳೆದಿತ್ತು, ಅಜ್ಜನಿಗೆ ಕಂಪ್ಯೂಟರೂ ಇರಲಿಲ್ಲ.

"ಅಜ್ಜ, ಆರಾಮಾ?"

"ಆರಾಮು. ಇವತ್ತಿಗೆ ಏಳು ತಿಂಗಳು ಇಪ್ಪತ್ತೈದು ದಿನ ಕಣಯ್ಯ."

ಹೇಳಿದ್ದು ಬ್ಯಾಟರಿಯ ವಿಷಯ. ಈ ಗುಂಪಿನಲ್ಲಿ ಒಂದು ಮರ್ಯಾದೆ ಇತ್ತು: ಯಂತ್ರ ತಾನೇ ಎಚ್ಚರಿಕೆ ಕೊಡುವವರೆಗೂ ಬ್ಯಾಟರಿ ಬದಲಾಯಿಸುವಂತಿಲ್ಲ. ಮೊದಲೇ ಬದಲಾಯಿಸಿದವನನ್ನು ಹೊಸಬ ಎಂದು ಆಡಿಕೊಳ್ಳುತ್ತಿದ್ದರು. ಒಂದೇ ಜೊತೆಯಲ್ಲಿ ಅತಿ ಹೆಚ್ಚು ಕಾಲ ನಡೆಸಿದವನು ಕಾನಿ, ಎಂಟು ತಿಂಗಳು. ಅಜ್ಜ ಫೆಬ್ರವರಿ ಹನ್ನೊಂದರಂದು ಹಾಕಿದ ಜೊತೆ ಇನ್ನೂ ಉಸಿರಾಡುತ್ತಿತ್ತು.

"ಇನ್ನೈದು ದಿನ," ಎಂದ ಅಜ್ಜ, ಕಾನಿಗೆ ಕೇಳಿಸುವಂತೆ.

"ನೋಡೋಣ, ನೋಡೋಣ," ಎಂದ ಕಾನಿ.

ಸುತ್ತು ಶುರುವಾಯಿತು. ಮೆಜಿರೊದ ಮೂಗಿನ ತುದಿಯಲ್ಲಿ ಕಡುಕೆಂಪು ಗಾಜಿನ ಚಿಕ್ಕ ಕಿಂಡಿಯಿದೆ. ಎರಡು ಯಂತ್ರಗಳನ್ನು ಮೂಗಿಗೆ ಮೂಗು ಹಿಡಿದರೆ ಒಂದರೊಳಗಿನದು ಇನ್ನೊಂದಕ್ಕೆ ಹೋಗುತ್ತದೆ. ಹೊಸ ಪ್ರೋಗ್ರಾಂ ಬರೆದವನು ತನ್ನ ಬಲಗಡೆಯವನಿಗೆ ಕೊಡಬೇಕು, ಅವನು ತನ್ನ ಬಲಕ್ಕೆ, ಹೀಗೆ ಮೇಜಿನ ಸುತ್ತ ಉಳಿದ ಹನ್ನೊಂದು ಯಂತ್ರ ದಾಟಿ ಬರೆದವನಿಗೇ ಮರಳಬೇಕು. ಒಂದು ಅಕ್ಷರವೂ ಕೆಡದೆ ಮರಳಿದರೆ ಅವನು "ಬಂತು" ಎನ್ನುತ್ತಾನೆ, ಎಲ್ಲರೂ ಒಟ್ಟಿಗೆ ಒಂದೇ ಒಂದು ಚಪ್ಪಾಳೆ ಹೊಡೆಯುತ್ತಾರೆ. ಇನುಯಿ ಆ ಚಪ್ಪಾಳೆಯನ್ನು ಬೇರೆಯವರಿಗೆ ಒಂಬತ್ತು ಸಲ ಹೊಡೆದಿದ್ದ. ಇದುವರೆಗೆ ಯಾರೂ ತಮ್ಮ ಸುತ್ತನ್ನು ತಾವೇ ನಡುವೆ ನಿಲ್ಲಿಸಿದ್ದಿಲ್ಲ.

ಅವನ ಬಲಕ್ಕೆ ಅಜ್ಜ. ಮೂಗಿಗೆ ಮೂಗು ತಾಗಿತು. ಅಜ್ಜನ ಕೈ ಸಣ್ಣಗೆ ನಡುಗುತ್ತಿದ್ದರಿಂದ ಇನುಯಿ ತನ್ನ ಯಂತ್ರವನ್ನೂ ಅದೇ ಲಯದಲ್ಲಿ ನಡುಗಿಸಬೇಕಾಯಿತು. ಹನ್ನೊಂದು ಸೆಕೆಂಡು. ಅಜ್ಜನ ಯಂತ್ರ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡಿತು. ಅಜ್ಜ ಊಟದ ಪುಸ್ತಕ ತೆರೆದ. ನಿನ್ನೆ: ಅಗಲ ಶಾವಿಗೆ, ನಿಲ್ದಾಣದ ಅಂಗಡಿ, ಉಪ್ಪು ಜಾಸ್ತಿ. ಉಪ್ಪಿನ ಹಿಂದಿನಿಂದ ಮೀನು ಬಂತು.

ಅಜ್ಜ ಯಂತ್ರವನ್ನು ಕಣ್ಣಿನ ಹತ್ತಿರ ತಂದುಕೊಂಡ. ಮೀನು ಪರದೆ ದಾಟುವವರೆಗೂ ನೋಡಿದ. ದಾಟಿದ ಮೇಲೆ ಯಂತ್ರವನ್ನು ಸ್ವಲ್ಪ ಓರೆ ಮಾಡಿ ಬಲಗಡೆಯ ಅಂಚನ್ನು ನೋಡಿದ, ಎಲ್ಲಿ ಹೋಯಿತು ಎಂಬಂತೆ.

"ಬಾಲ ಹೇಗಯ್ಯಾ ಮಾಡ್ದೆ?"

"ಮಾಡಿಲ್ಲ ಅಜ್ಜ," ಎಂದ ಇನುಯಿ. ದನಿ ಕೀರಲಾಗಿ ಬಂತು. "ಅದು... ಪರದೆಯ ನೆರಳು. ನಾನು ಮೈ ಮಾತ್ರ ಬರ್‍ದಿರೋದು."

ಅಕಾಮಿಸೊ "ಅಯ್ಯಯ್ಯೋ!" ಎಂದು ತೊಡೆ ತಟ್ಟಿಕೊಂಡಳು. ಯಾರೋ ಎದ್ದು ಬಂದು ಅಜ್ಜನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಎರಡನೆಯವರಿಗೆ ಹೋಯಿತು, ಮೂರನೆಯವರಿಗೆ ಹೋಯಿತು, ಎಲ್ಲ ಕಡೆಯಿಂದ "ಬಂತು ಬಂತು, ನಂದ್ರಲ್ಲೂ ಬಂತು", "ನೋಡ್ರೀ ಇಲ್ಲಿ, ನನ್ನ ಹಲ್ಲಿನ ಡಾಕ್ಟರ ನಂಬರ್ ಹಿಂದೆ ಹೋಗ್ತಿದೆ" ಎಂದು ದನಿಗಳು. ಟೋಸ್ಟಿನ ಮೇಲೆ ಬಳಿದ ಸಿಹಿ ಹೂರಣ ಆರಿ ಹೊಳೆಯುತ್ತಿತ್ತು. ಯಾರೂ ತಿನ್ನುತ್ತಿರಲಿಲ್ಲ. ಇನುಯಿಗೆ ತಾನು ಕುರ್ಚಿಯ ಮೇಲೆ ಕೂತಿದ್ದೇನೋ ಇಲ್ಲವೋ ಎಂಬುದೇ ಖಚಿತವಿರಲಿಲ್ಲ. ಕಾಲು ನೆಲಕ್ಕೆ ತಾಗುತ್ತಿದ್ದದ್ದು ಗೊತ್ತಾಗುತ್ತಿರಲಿಲ್ಲ. ಮೀನು ಕಾನಿಗೆ ಬಂತು; ಕೂರಲ್ಲ ಎಂದಿದ್ದರೂ ಅವನು ನಾಲ್ಕನೆಯ ಜಾಗದಲ್ಲೇ ಕೂತಿದ್ದ. ಕಾನಿ ಕನ್ನಡಕ ಹಣೆಗೇರಿಸಿ, ಪರದೆಯನ್ನು ಮೂಗಿನ ಹತ್ತಿರ ಹಿಡಿದು, ಮೀನನ್ನು ಮೂರು ಸಲ ಹೋಗಲು ಬಿಟ್ಟ. ಆಮೇಲೆ ಇನುಯಿಯ ಕಡೆ ತಿರುಗಿದ. ಮುಖದಲ್ಲಿ ಅಣಕವಿರಲಿಲ್ಲ.

"ಇದು ಯಾವಾಗ್ಲೂ ಹಿಂದೆ ಓಡ್ತಾ ಇರ್‍ಬೇಕಲ್ವಾ? ಹಾಗೆ ಇರೋದಕ್ಕೆ ಎರಡು ಸಾವಿರ ಬೈಟು ಬಿಟ್ರೆ ಜಾಗಾನೇ ಇಲ್ಲ. ನಾನೂ ಒಂದ್ಸಲ ನೋಡ್ಬಿಟ್ಟು ಕೈಬಿಟ್ಟೆ. ಎಲ್ಲಿ ತುರುಕಿದ್ರಿ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೆಮ್ಮೆಯಿಂದ ಹೇಳಲು ಬಾಯಿ ತೆರೆದ. ಆಗ ನೆನಪಾಯಿತು.

ಒಂದು ಬೈಟು ಎಂದರೆ ಒಂದು ಅಕ್ಷರದಷ್ಟು ಜಾಗ. ಜುಲೈ ತಿಂಗಳಲ್ಲಿ ಮೀನಿನ ಮೈಯಿಂದ ಅವನು ಅಂಥ ಒಂದೊಂದನ್ನೇ ಕೆರೆದು ತೆಗೆದಿದ್ದ, ಡಬ್ಬಿಯ ಅಂಚನ್ನು ಕೆರೆದ ಹಾಗೆ. ಕಣ್ಣು ತೆಗೆದಿದ್ದ, ಒಂದು ರೆಕ್ಕೆ ತೆಗೆದಿದ್ದ. ಕೊನೆಗೆ ಇನ್ನೂರ ಹನ್ನೆರಡು ಬೈಟು ಹೊರಗೇ ಉಳಿಯಿತು. ಮೂರು ವಾರ ಅದು ಹೊರಗೇ ನಿಂತು ಅವನನ್ನು ನೋಡುತ್ತಿತ್ತು. ಪಕ್ಕದಲ್ಲೇ, ಗೋಡೆಯಾಚೆಯ ಮನೆಯ ಹಾಗೆ, ಬ್ಯಾಟರಿಯ ಎಚ್ಚರಿಕೆ ಕೊಡುವ ಭಾಗವಿತ್ತು. ಬ್ಯಾಟರಿ ಮುಗಿಯುತ್ತ ಬಂದಾಗ ಪೀ ಎಂದು ಕೂಗಿ, ಮೂಲೆಯಲ್ಲಿ ಚಿತ್ರ ಮಿನುಗಿಸಿ, ಬರೆದಿಟ್ಟದ್ದನ್ನು ಉಳಿಸಿಕೊಳ್ಳುವಷ್ಟು ಶಕ್ತಿ ಬಾಕಿಯಿರುವಾಗಲೇ ಯಂತ್ರವನ್ನು ನಿಲ್ಲಿಸುವ ಭಾಗ. ಅಳೆದು ನೋಡಿದ. ಸರಿಯಾಗಿ ಇನ್ನೂರ ಹನ್ನೆರಡು. ಆಗಲೂ ನಕ್ಕಿದ್ದ. ಸದ್ಯಕ್ಕೆ ಇದನ್ನು ತೆಗೆದು ಮೀನು ಇಲ್ಲಿರಲಿ, ಆಮೇಲೆ ಎಚ್ಚರಿಕೆಗೆ ಬೇರೆ ಕಡೆ ಜಾಗ ಮಾಡಿಕೊಡೋಣ ಎಂದುಕೊಂಡಿದ್ದ. ಮೀನು ಮೊದಲ ಸಲ ಪರದೆ ದಾಟಿದ್ದು ಆ ಸಂಜೆಯೇ. ಆಮೇಲೆ ಎಂಬುದು ಬರಲೇ ಇಲ್ಲ. ಮನೆಯ ಮೇಜಿನ ಮೇಲೆ ಅವನ ಯಂತ್ರ ಯಾವಾಗಲೂ ಗೋಡೆಯ ಕರೆಂಟಿಗೆ ಕಟ್ಟಿಹಾಕಿದ್ದು. ಎಚ್ಚರಿಕೆ ಎಂಬುದೊಂದಿದೆ ಎಂದು ನೆನಪಿಸುವ ಸಂದರ್ಭವೇ ಬರಲಿಲ್ಲ.

ಎಚ್ಚರಿಕೆಯಿಲ್ಲದ ಯಂತ್ರ ಕೊನೆಯ ಹನಿಯವರೆಗೆ ಕುಡಿದು ಸಾಯುತ್ತದೆ. ಒಳಗೆ ಆಪತ್ತಿಗೆಂದು ಇಟ್ಟ ಗುಂಡಿ ಬ್ಯಾಟರಿ ಈ ಮೇಜಿನ ಸುತ್ತಲಿನ ಎಲ್ಲ ಯಂತ್ರಗಳಲ್ಲೂ ಎಂದೋ ಸತ್ತಿತ್ತು. ಬಿಚ್ಚಲು ಹೋದರೆ ಚೌಕಟ್ಟು ಬಿರುಕು ಬಿಡುತ್ತದೆಂದು ಯಾರೂ ಬಿಚ್ಚಿರಲಿಲ್ಲ. ಸತ್ತರೆ ಬರೆದಿಟ್ಟದ್ದೆಲ್ಲ ಹೋಯಿತು. ಸಾಲದ್ದಕ್ಕೆ ಮೀನು ಸುಮ್ಮನಿರುವುದಿಲ್ಲ, ಈಜಿದಷ್ಟೂ ಬ್ಯಾಟರಿ ಕುಡಿಯುತ್ತದೆ.

"ಅದು... ಹೇಗೋ ಹಿಡೀತು," ಎಂದ ಇನುಯಿ.

"ಗುಟ್ಟು ಬಿಡಲ್ಲ ನೋಡಿ," ಎಂದು ಕಾನಿ ಮೊದಲ ಬಾರಿಗೆ ಸ್ನೇಹದಿಂದ ನಕ್ಕು, ಯಂತ್ರದ ಮೂಗನ್ನು ಬಲಕ್ಕೆ ತಿರುಗಿಸಿದ.

ಈಗ ನಿಲ್ಲಿಸಬೇಕು ಎಂದುಕೊಂಡ. ಐದನೆಯವರು. ಎದ್ದು ನಿಂತು ಎರಡು ಮಾತು ಹೇಳಿದರೆ ಆಯಿತು. ಆರು. ಎದ್ದು ನಿಂತಂತೆ, ಹೇಳಿದಂತೆ, ಎಲ್ಲರೂ ಸುಮ್ಮನೆ ತಲೆ ತಗ್ಗಿಸಿ ತಣ್ಣಗಾದ ಟೋಸ್ಟಿಗೆ ಕೈ ಹಾಕಿದಂತೆ ಎಲ್ಲವೂ ಕಣ್ಣಿಗೆ ಕಟ್ಟಿತು. ಏಳು. ಇವತ್ತೇ ಯಾರದ್ದೂ ಸಾಯಬೇಕೆಂದಿಲ್ಲ. ಸುತ್ತು ಮುಗಿಯಲಿ, ಮನೆಗೆ ಹೋಗಿ ಸರಿ ಮಾಡಿ, ಎಲ್ಲರಿಗೂ ಪತ್ರ ಬರೆದು... ಎಂಟು. ಪತ್ರ ಬರೆದು ಮುಂದಿನ ಅಕ್ಟೋಬರಿನವರೆಗೆ ಕಾಯಬೇಕು. ಹೊಸದನ್ನು ಕೊಡಬೇಕಾದರೆ ಮೂಗಿಗೆ ಮೂಗು ತಾಗಬೇಕು. ಎದೆ ಡವಡವ ಎನ್ನುತ್ತಿತ್ತು. ಅದು ಭಯವೋ ಸಂತೋಷವೋ ತಿಳಿಯುತ್ತಿರಲಿಲ್ಲ, ಎರಡೂ ಒಂದೇ ಬಾಗಿಲಿನಿಂದ ಒಳಗೆ ಬಂದಿದ್ದವು. ಮೇಜಿನ ಆ ತುದಿಯಲ್ಲಿ ಯಾರೋ ಮೀನಿಗೆ ಹೆಸರಿಡುತ್ತಿದ್ದರು. ಹನ್ನೊಂದು. ಎಡಗಡೆಯ ಅಕಾಮಿಸೊ ತನ್ನ ದಪ್ಪ ಬೆರಳುಗಳಲ್ಲಿ ಯಂತ್ರ ಹಿಡಿದು ಅವನ ಯಂತ್ರದ ಮೂಗಿಗೆ ತಂದಳು. ಅವಳ ಕೈಯಿಂದ ಕೂದಲಿನ ಎಣ್ಣೆಯ ವಾಸನೆ ಬಂತು. ಪರದೆಯಲ್ಲಿ ಎರಡು ಸಂಖ್ಯೆ ಮೂಡಿದವು: ಹೋದದ್ದು, ಬಂದದ್ದು. ಎರಡೂ ಒಂದೇ.

"ಬಂತು," ಎಂದಿತು ಅವನ ಬಾಯಿ.

ಹನ್ನೊಂದು ಜೊತೆ ಕೈಗಳ ಒಂದೇ ಚಪ್ಪಾಳೆ. ಅದು ಇಷ್ಟು ಜೋರಾಗಿರುತ್ತದೆಂದು, ಹೊಡೆಯುವವರ ಸಾಲಿನಲ್ಲಿ ಕೂತಾಗ ಅವನಿಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಅಕಾಮಿಸೊ ಬೆನ್ನಿಗೆ ಗುದ್ದಿದಳು. "ಈ ಮನುಷ್ಯ ಇಡೀ ವರ್ಷ ನಮ್ಮ ಮೇಲೆ ಸೇಡು ತೀರಿಸ್ಕೊಳ್ಳಕ್ಕೆ ಕಾಯ್ತಾ ಇದ್ದ ಕಣ್ರೀ!" ಎಲ್ಲರೂ ನಕ್ಕರು. ಅವನೂ ನಕ್ಕ. ನಗುತ್ತಲೇ ಎದ್ದ. "ಒಂದು ನಿಮಿಷ ಬಂದೆ" ಎಂದವನು ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಎದುರಿನ ಅಂಗಡಿಗೆ ನುಗ್ಗಿ, ಕೊಂಡಿಯಲ್ಲಿ ತೂಗುತ್ತಿದ್ದ ಬ್ಯಾಟರಿ ಕಟ್ಟುಗಳನ್ನೆಲ್ಲ ಬಾಚಿಕೊಂಡ. ಇದಕ್ಕಿಂತ ಸುಲಭದ ದಾರಿ ಇನ್ನೊಂದಿರಲಿಲ್ಲ. ಎಲ್ಲರೂ ಈಗಲೇ ಹೊಸ ಬ್ಯಾಟರಿ ಹಾಕಿಕೊಂಡರೆ ತಿಂಗಳುಗಟ್ಟಲೆ ಚಿಂತೆಯಿಲ್ಲ. ಮೀನೂ ಉಳಿಯಿತು, ಅಜ್ಜನ ಊಟವೂ ಉಳಿಯಿತು, ಚಪ್ಪಾಳೆಯೂ ಉಳಿಯಿತು. ತನ್ನ ಜಾಣತನಕ್ಕೆ ತಾನೇ ಬೆರಗಾಗಿ ಗಲ್ಲಾದ ಹುಡುಗಿಗೆ ಎರಡು ಸಲ ಧನ್ಯವಾದ ಹೇಳಿದ.

"ನನ್ನ ಲೆಕ್ಕದಲ್ಲಿ," ಎಂದು ಮೇಜಿನ ಮೇಲೆ ಸುರಿದ. "ಎಲ್ಲರಿಗೂ ಎರಡೆರಡು. ಹಾಕ್ಕೊಳ್ಳಿ, ಹಾಕ್ಕೊಳ್ಳಿ. ಮೀನಿನ ಹಬ್ಬ!"

ಒಬ್ಬೊಬ್ಬರೂ ಎರಡು ಕೈಯಲ್ಲಿ ತೆಗೆದುಕೊಂಡು, ತಲೆ ಬಾಗಿ, ಚೀಲಕ್ಕೆ ಹಾಕಿಕೊಂಡರು.

"ಇಲ್ಲ, ಈಗ್ಲೇ ಹಾಕ್ಕೊಳ್ಳಿ. ಯಂತ್ರಕ್ಕೆ."

"ಯಾಕ್ರೀ? ಇರೋದು ಇನ್ನೂ ನಡೀತಿದೆಯಲ್ಲ."

"ಹಾಕೊ-ಸಾನ್‌ಗೆ ಖುಷಿಯಲ್ಲಿ ಹುಚ್ಚು ಹಿಡಿದಿದೆ," ಎಂದಳು ಅಕಾಮಿಸೊ. "ಎಚ್ಚರಿಕೆ ಬರೋ ಮುಂಚೆ ಬ್ಯಾಟರಿ ತೆಗೀರಿ ಅಂತಿದಾರೆ, ಅಪಚಾರ!"

ಅಜ್ಜ ತನ್ನ ಪಾಲಿನ ಎರಡು ಬ್ಯಾಟರಿಗಳನ್ನು ಬೆಳಕಿಗೆ ಹಿಡಿದು ನೋಡಿ ಕೋಟಿನ ಒಳಜೇಬಿಗೆ ಇಳಿಸಿದ. "ಇರಲಿ. ಎಚ್ಚರಿಕೆ ಬಂದಾಗ ಹಾಕ್ತೀನಿ. ಇನ್ನೈದು ದಿನ ಆದ್ಮೇಲೆ." ಎದ್ದು ಟೋಪಿ ಹಾಕಿಕೊಂಡ. ಅವನ ಬಸ್ಸು ಹತ್ತೂ ಐವತ್ತಕ್ಕೆ. ಬಸ್ಸಿನ ವಿಷಯದಲ್ಲಿ ಅಜ್ಜ ಯಾರಿಗೂ ಕಾಯುವವನಲ್ಲ. "ಹೋಗ್ತಾ ದಾರೀಲಿ ನಿನ್ನ ಮೀನು ನೋಡ್ಕೊಂಡು ಹೋಗ್ತೀನಿ."

ಇನುಯಿ ಕೈಯಿಂದ ಮೇಜು ಹಿಡಿದುಕೊಂಡ. ಹೇಳಲೇಬೇಕಿತ್ತು. ಎಲ್ಲರ ಮುಖವೂ ಅವನ ಕಡೆಗೇ ಇತ್ತು. ಹನ್ನೊಂದು ಪ್ರೀತಿಯ ಮುಖಗಳು. "ಎಚ್ಚರಿಕೆ ಬರಲ್ಲ ಅಜ್ಜ," ಎಂದ. ಅಷ್ಟರಲ್ಲಿ ಬೆಳಿಗ್ಗೆಯಿಂದ ಒಳಗೆ ತುಂಬಿಕೊಂಡಿದ್ದದ್ದು ಗಂಟಲಿಗೆ ನುಗ್ಗಿ ಬಂತು. "ನಾನು ಅದನ್ನ... ಅದನ್ನ ಮೀನು... ಮೀನು ತಿಂದ್ಬಿಟ್ಟಿದೆ!" ಎಂದು ಕಿಸಕ್ಕನೆ ನಕ್ಕುಬಿಟ್ಟ. ತಡೆದ. ಇನ್ನೂ ಜೋರಾಗಿ ಬಂತು. ಕುರ್ಚಿಯ ಮೇಲೆ ಕುಸಿದು, ಹೊಟ್ಟೆ ಹಿಡಿದು, "ನಿಜವಾಗ್ಲೂ... ಎಚ್ಚರಿಕೇನ ಮೀನು ತಿಂದಿದೆ... ಇನ್ನೂರ ಹನ್ನೆರಡು..." ಎನ್ನುತ್ತ ನಕ್ಕ. ಮೇಜೆಲ್ಲ ನಗತೊಡಗಿತು. ಒಬ್ಬರು ಕಾಫಿ ಚೆಲ್ಲಿಕೊಂಡರು. ಅಕಾಮಿಸೊ ಕಣ್ಣೊರೆಸಿಕೊಳ್ಳುತ್ತ "ಸಾಕು ಮಾಡ್ರೀ, ಪಕ್ಕೆ ನೋಯ್ತಿದೆ" ಎಂದಳು. ಕಾನಿಯೂ ಹೆಗಲು ಕುಣಿಸುತ್ತ ನಗುತ್ತಿದ್ದ. ಅಜ್ಜನೂ ನಗುತ್ತ, ಬಾಗಿಲಲ್ಲಿ ಟೋಪಿ ಎತ್ತಿ, ಇಳಿದು ಹೋದ. ಒಂದೊಂದೇ ಮೆಟ್ಟಿಲು, ಕೈಕಂಬಿ ಹಿಡಿದು ಇಳಿಯುವ ಸದ್ದು ಇನುಯಿಗೆ ತನ್ನ ನಗುವಿನ ಒಳಗಿನಿಂದಲೇ ಕೇಳಿಸುತ್ತಿತ್ತು.

ಇನುಯಿ ಎದ್ದು ಅಜ್ಜನ ಹಿಂದೆ ಬೀದಿಗೆ ಬಂದಾಗ ಅಂಗಡಿಸಾಲು ತುಂಬಿಬಿಟ್ಟಿತ್ತು. ಟೋಪಿಗಳು ಬಹಳ ಇದ್ದವು. ಕರಿದ ಕೋಳಿಗೆ ಸಾಲು ನಿಂತವರ ನಡುವೆ ನುಗ್ಗಿ ಬೈಸಿಕೊಂಡ. ಇಷ್ಟು ಓಡಿ ಎಷ್ಟೋ ವರ್ಷವಾಗಿತ್ತು. ಓಡುವಾಗ ಮೈ ಹಗುರಾಗಿ, ಹಬ್ಬದ ದಿನ ಮನೆಯಿಂದ ಬಿಟ್ಟ ಮಗುವಿನ ಹಾಗೆ ಓಡುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಯಾರದೋ ಇಪ್ಪತ್ತಾರು ವರ್ಷ ಜೇಬಿನಲ್ಲಿ ಸಾಯುತ್ತಿರುವಾಗ. ಸಾಲಿನ ಕೊನೆಯಲ್ಲಿ, ಕೆಂಪು ದೀಪಕ್ಕೆ ನಿಂತು, ಅಜ್ಜ ಮೆಜಿರೊ ತೆರೆದು ಮುಖದ ಹತ್ತಿರ ಹಿಡಿದಿದ್ದ.

"ಅಜ್ಜ! ಮುಚ್ಚಿ! ಮುಚ್ಚಿಬಿಡಿ!"

ಅಜ್ಜ ಮುಚ್ಚಲಿಲ್ಲ. "ಯಾಕೆ ಓಡ್ಬಂದೆ? ಏನಾದ್ರೂ ಬಿಟ್ಟು ಬಂದ್ನಾ?"

ಇನುಯಿ ಮೊಣಕಾಲಿಗೆ ಕೈಯೂರಿ, ಉಸಿರು ಎಳೆದುಕೊಳ್ಳುತ್ತ, ಹೇಳಿದ. ಉಸಿರಿಲ್ಲದ್ದರಿಂದ ನಗಲು ಆಗಲಿಲ್ಲ. ಎಲ್ಲವನ್ನೂ ಹೇಳಿದ, ಜಾಗ ಸಾಲದ್ದು, ಪಕ್ಕದ ಮನೆ, ಆಮೇಲೆ ಎಂದುಕೊಂಡದ್ದು, ನಾಲ್ಕನೆಯವರ ಹತ್ತಿರ ನೆನಪಾದದ್ದು. ನಾಲ್ಕನೆಯವರ ವಿಷಯ ಹೇಳಬೇಕಾಗಿರಲಿಲ್ಲ, ಅದೂ ಬಂದುಬಿಟ್ಟಿತು. ದೀಪ ಹಸಿರಾಗಿ ಜನ ಅವರನ್ನು ಸುತ್ತಿಕೊಂಡು ದಾಟಿ ಹೋದರು.

"ನಾಲ್ಕನೆಯವರ ಹತ್ರ," ಎಂದ ಅಜ್ಜ.

"ಹೂಂ."

ಅಜ್ಜ ಪರದೆಯ ಕಡೆ ನೋಡಿದ. ಮೀನು ಮತ್ತೊಮ್ಮೆ ದಾಟಿತು. ಅಂಚಿನಲ್ಲಿ ಬಾಲ ಒಂದು ಕ್ಷಣ ಉಳಿದು ಕರಗಿತು.

"ಮೀನು ಚೆನ್ನಾಗಿದೆ," ಎಂದ. "ಅಳಿಸು."

ಅಂಚೆಪೆಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಇಬ್ಬರೂ ಕೂತರು. ಇನುಯಿ ಅಳಿಸಿದ. ನಾಲ್ಕು ಗುಂಡಿ ಒತ್ತಿದರೆ ಸಾಕು, ಅಷ್ಟೇ. ಯಂತ್ರ ಆರಿ, ಹಳೆಯ ಎಚ್ಚರಿಕೆಯನ್ನು ತನ್ನ ಜಾಗಕ್ಕೆ ತಂದುಕೊಂಡು, ಹೊತ್ತಿಕೊಂಡಿತು. ಹೊತ್ತಿಕೊಂಡ ಗಳಿಗೆಯಲ್ಲೇ ಪೀ ಎಂದು ಕೂಗಿತು. ಮೂಲೆಯಲ್ಲಿ ಖಾಲಿ ಬ್ಯಾಟರಿಯ ಚಿತ್ರ ಮಿನುಗಿ, ಪರದೆ ತಾನಾಗಿಯೇ ಕಪ್ಪಾಯಿತು. ಎಷ್ಟು ಹೊತ್ತಿನಿಂದ ಅದು ಕೂಗಬೇಕಾಗಿತ್ತೋ ಯಾರಿಗೆ ಗೊತ್ತು. ಬಸ್ಸಿನಲ್ಲಿ ಎರಡು ನಿಲ್ದಾಣ ದಾಟುವಷ್ಟರಲ್ಲಿ ಎಲ್ಲ ಮುಗಿಯುತ್ತಿತ್ತೇನೋ.

ಅಜ್ಜ ಕೋಟಿನೊಳಗಿನಿಂದ ಹೊಸ ಬ್ಯಾಟರಿ ತೆಗೆದ. ಒಂದನ್ನು ತೆಗೆದು ಒಂದನ್ನು ಹಾಕಬೇಕು, ಎರಡು ನಿಮಿಷದೊಳಗೆ, ಇಲ್ಲದಿದ್ದರೆ ಬರೆದದ್ದೆಲ್ಲ ಹೋಯಿತು. ಇನುಯಿ ಸಹಾಯಕ್ಕೆ ಕೈ ಚಾಚಿದ. ಅಜ್ಜ ಅದನ್ನು ಸರಿಸಿ ತಾನೇ ಹಾಕಿದ. ಹೊತ್ತಿಸಿದ. ನಿನ್ನೆ: ಅಗಲ ಶಾವಿಗೆ. ಹಿಂದಕ್ಕೆ ಸರಿಸಿದ, ಇನ್ನೂ ಹಿಂದಕ್ಕೆ, ಬೆರಳಿಟ್ಟುಕೊಂಡೇ ಇದ್ದ. ಅನ್ನ, ಮೀನು, ಶಾವಿಗೆ, ಆಸ್ಪತ್ರೆಯ ಗಂಜಿ, ಊಟ ಮಾಡಲಿಲ್ಲ, ಊಟ ಮಾಡಲಿಲ್ಲ, ಶಾವಿಗೆ. ಎಲ್ಲ ಇತ್ತು.

"ಐದು ದಿನ," ಎಂದ ಅಜ್ಜ. "ಆ ಔಷಧದಂಗಡಿಯವನನ್ನ ಸೋಲಿಸಕ್ಕೆ ಐದೇ ದಿನ ಇತ್ತು."

"ತಪ್ಪಾಯ್ತು ಅಜ್ಜ."

"ಮೇಲಿನವರಿಗೆ?"

"ಹೇಳಿದ್ನಲ್ಲ. ನಕ್ಕರು."

"ನೀನು ಹೊಟ್ಟೆ ಹಿಡ್ಕೊಂಡು ಹೇಳಿದ್ರೆ ನಗದೆ ಅಳ್ತಾರಾ? ನಾನೂ ನಕ್ಕೆ. ಹೋಗು, ಸರಿಯಾಗಿ ಹೇಳು."

"ನಗು ಬಂದ್ಬಿಡುತ್ತೆ ಅಜ್ಜ. ಬೇಕೂಂತ ಅಲ್ಲ."

"ಇಲ್ಲೇ ಹೇಳು ನೋಡೋಣ. ನನ್ನ ಮುಖ ನೋಡ್ಕೊಂಡು."

ಇನುಯಿ ಎದ್ದು ನಿಂತ. ಅಂಗಿ ಸರಿಪಡಿಸಿಕೊಂಡ. "ಬ್ಯಾಟರಿ ಎಚ್ಚರಿಕೆ ತೆಗೆದವನು ನಾನು," ಎಂದ. ಅಜ್ಜನ ಮೀಸೆಯ ಮೇಲೆ ಸಿಹಿ ಹೂರಣ ಅಂಟಿತ್ತು. ತುಟಿ ನಗುವಿಗೆ ಜಾರಿತು.

"ಮತ್ತೆ."

"ಬ್ಯಾಟರಿ ಎಚ್ಚರಿಕೆ ತೆಗೆದವನು..." ನಗು ಮೂಗಿನಿಂದ ಬಂತು.

"ಮತ್ತೆ. ನನ್ನ ಬಸ್ ಹೋಯ್ತು. ನನಗೀಗ ಅವಸರ ಇಲ್ಲ."

ದಾಟುವವರು ನೋಡುತ್ತಿದ್ದರು: ಕಟ್ಟೆಯ ಮೇಲೊಬ್ಬ ಮುದುಕ, ಎದುರಿಗೆ ಪಾಠ ಒಪ್ಪಿಸುವವನಂತೆ ನಿಂತ ನಡುವಯಸ್ಸಿನವನು. ಐದನೆಯ ಸಲವೋ ಆರನೆಯ ಸಲವೋ, ಅವನು ಅದನ್ನು ಹೇಳಿ ಮುಗಿಸಿದ. ಹೇಳಿ ಮುಗಿದ ಮೇಲೆ ನಗು ಬರಲೆಂದು ಕಾದ. ಬರಲಿಲ್ಲ.

"ಹಾಂ," ಎಂದ ಅಜ್ಜ. "ಈ ಮುಖ ಹೀಗೇ ಇಟ್ಕೊಂಡು ಹತ್ತು."

ತುಂಬಿದ ಸಾರಿನ ಬಟ್ಟಲನ್ನು ಹೊತ್ತವನ ಹಾಗೆ ಇನುಯಿ ಆ ಮುಖವನ್ನು ಹೊತ್ತುಕೊಂಡು ಜನರ ನಡುವೆ ನಡೆದ. ಬೊತಾನಿನ ಮೆಟ್ಟಿಲ ಬುಡಕ್ಕೆ ಬಂದಾಗ ಮೇಲಿನಿಂದ ನಗೆಯ ಅಲೆ ಇಳಿದು ಬಂತು. ಇನ್ನೂ ಅದನ್ನೇ ಆಡಿಕೊಳ್ಳುತ್ತಿದ್ದರು. ಮೊದಲ ಮೆಟ್ಟಿಲಿಗೇ ತುಟಿಯ ಎಡಗಡೆ ಜಗ್ಗಿತು. ನಿಂತ. ಹತ್ತಿದ. ಮತ್ತೆ ನಿಂತ. ನೆನೆದರೆ ನಗು ಬರುವಂಥದ್ದೇ ಆಗಿತ್ತು; ಇದಕ್ಕಿಂತ ತಮಾಷೆಯದು ಅವನ ಬದುಕಿನಲ್ಲಿ ನಡೆದೇ ಇರಲಿಲ್ಲ, ಇಷ್ಟು ಜನ ಒಟ್ಟಿಗೆ ಅವನನ್ನು ಇಷ್ಟಪಟ್ಟದ್ದೂ ಇರಲಿಲ್ಲ. ಇನ್ನು ಆರು ಮೆಟ್ಟಿಲಿನವರೆಗೆ ಅದು ಅವನದೇ. ಐದು. ಬೇಗ ಹತ್ತಲು ಮನಸ್ಸಿರಲಿಲ್ಲ.

ಬಾಗಿಲು ತಳ್ಳಿದ. ಹತ್ತು ತಲೆಗಳು ತಿರುಗಿದವು.

"ಬಂದ್ರು ನೋಡಿ ಮೀನುಗಾರರು!" ಎಂದು ಅಕಾಮಿಸೊ ಕೂಗಿದಳು. "ಏನ್ರೀ, ಅಜ್ಜನ ಹಿಂದೆ ಓಡಿದ್ರಲ್ಲ, ಇನ್ನೇನನ್ನ ತಿಂತು ನಿಮ್ಮ ಮೀನು?"

ಮೇಜು ಮತ್ತೊಮ್ಮೆ ಸಿಡಿಯಿತು. ಇನುಯಿ ಬಾಗಿಲಲ್ಲೇ ನಿಂತಿದ್ದ. ನಗಲಿಲ್ಲ. ನಗು ಅಲ್ಲಲ್ಲಿ ತೆಳುವಾಗಿ, ಯಾಕೆಂದು ತಿಳಿಯದೆ ಮುಂದುವರಿಯುತ್ತಿದ್ದಾಗ, ಎಲ್ಲರಿಗಿಂತ ಮೊದಲು ಕಾನಿಯ ಬಾಯಿ ಮುಚ್ಚಿತು. ಅವನು ಇನುಯಿಯ ಮುಖದಿಂದ ಕಣ್ಣು ತೆಗೆಯದೆ, ತನ್ನ ಮೆಜಿರೊವನ್ನು ಮೆಲ್ಲಗೆ ಬೋರಲು ಮಾಡಿ, ತೆಳ್ಳನೆಯ ಬೆರಳಿನ ಉಗುರನ್ನು ಬ್ಯಾಟರಿಯ ಮುಚ್ಚಳದ ಸಂದಿಗೆ ಇಟ್ಟ.